ಹಳೆಯ ಆರು ಸಿಲಿಂಡರ್ ಎಂಜಿನ್ನಿನ ಕುಲಗೋತ್ರ



ಹಳೆಯ ಕಾರಿನ ಎಂಜಿನ್ನನ್ನು ಬಿಚ್ಚಿ ಮರುಜೋಡಿಸುವ ವಿಷಯವಾಗಿ ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ನಮ್ಮನ್ನು ಕೇಳಿದಾಗ, ಬಿಚ್ಚುವುದಕ್ಕೆ ಮೊದಲು ಮಾಡಬೇಕಾದ ಒಂದೇ ಒಂದು ಕೆಲಸದ ಬಗ್ಗೆ ಹೇಳುತ್ತೇವೆಂದು ಒಪ್ಪಿಕೊಂಡೆವು. ನಮ್ಮ ಎದುರಿಗಿರುವ ಎಂಜಿನ್ ನಿಜವಾಗಿ ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳುವುದೇ ಆ ಕೆಲಸ. ಕಾರಿನ ಮೈಮೇಲೆ ಹೆಸರು ಇದೆ, ಮಾರಿದವರು ಬಾಯಲ್ಲಿ ಹೇಳಿದ್ದಾರೆ, ಇನ್ನೇನು ನಿಶ್ಚಯಿಸುವುದು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸಿತ್ತು. ಆ ಕಾರಣದಿಂದ ನಮ್ಮ ಗರಾಜಿಗೆ ಬಂದಿಳಿದ ಆರು ಪಿಸ್ಟನ್ನುಗಳ ಪೆಟ್ಟಿಗೆಯ ಕಥೆಯನ್ನು ಮುಂದೆ ಹೇಳುತ್ತೇವೆ.

ಊರಿನಲ್ಲಿ ಬೆಳೆದ ನಮ್ಮ ತಲೆಮಾರಿನವರು ಈ ವಿಷಯದಲ್ಲಿ ಎಡವುವುದಕ್ಕೆ ಒಂದು ಕಾರಣವಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋಗಿ 'ಅಂಬಾಸಡರ್ ಪಿಸ್ಟನ್ ಸೆಟ್' ಎಂದರೆ ಸಾಕಾಗಿತ್ತು. ಅಂಬಾಸಡರಿಗೆ ದೀರ್ಘಕಾಲ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಫಿಯಟ್ಟಿಗೆ, ಅದೇ ಮುಂದೆ ಪದ್ಮಿನಿಯಾದ ಕಾರಿಗೆ, 1089 ಸಿ.ಸಿ.ಯದು. ಕಾರಿನ ಹೆಸರೇ ಎಂಜಿನ್ನಿನ ಹೆಸರೂ ಆಗಿತ್ತು. ಎಷ್ಟು ಓವರ್‌ಸೈಜ್ ಬೇಕು ಎಂಬುದೊಂದೇ ಅಂಗಡಿಯವರು ಕೇಳುತ್ತಿದ್ದ ಪ್ರಶ್ನೆ. ಅಮೆರಿಕದ ರೀತಿ ಬೇರೆ. ಇಲ್ಲಿ ಒಂದೇ ಹೆಸರಿನ, ಒಂದೇ ವರ್ಷದ, ಒಂದೇ ಬಣ್ಣದ ಎರಡು ಕಾರುಗಳ ಹುಡ್ ಎತ್ತಿದರೆ ಎರಡು ಬೇರೆ ಎಂಜಿನ್ನುಗಳಿರಬಹುದು. ಅವೆರಡೂ ಹೊರನೋಟಕ್ಕೆ ಅವಳಿಗಳಂತೆ ಇರಬಹುದು.

ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಎಂಜಿನ್ ಈ ದೇಶದ ಸಾಮಾನ್ಯ ಸಂಸಾರದ ಕಾರಿಗೆ ಬಹುಕಾಲ ಆಧಾರವಾಗಿತ್ತು. ಒಂದನೆಯದು ಮತ್ತು ಆರನೆಯದು, ಎರಡನೆಯದು ಮತ್ತು ಐದನೆಯದು, ಮೂರನೆಯದು ಮತ್ತು ನಾಲ್ಕನೆಯದು, ಹೀಗೆ ಜೋಡಿಜೋಡಿಯಾಗಿ ಪಿಸ್ಟನ್ನುಗಳು ಒಟ್ಟಿಗೆ ಏರುತ್ತ ಇಳಿಯುತ್ತ ಹೋಗುವುದರಿಂದ ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಉಳಿಯುವ ನಡುಕ ಇದರಲ್ಲಿ ಉಳಿಯುವುದಿಲ್ಲ. ಷೆವ್ರೊಲೆ ಸಂಸ್ಥೆ 1929ರ ಮಾದರಿಗೆ ಇಂಥ ಎಂಜಿನ್ನನ್ನು ತಂದು, ನಾಲ್ಕರ ಬೆಲೆಗೆ ಆರು ಎಂದು ಸಾರಿತು. ಅದಕ್ಕೆ ಸ್ವಲ್ಪ ಮೊದಲು, 1928ರಲ್ಲಿ, ಅದರ ಮಾತೃಸಂಸ್ಥೆಯಾದ ಜನರಲ್ ಮೋಟರ್ಸ್ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದಿತ್ತು; ಅದು 1954ರವರೆಗೆ ನಡೆಯಿತು. ಹೀಗಾಗಿ ಈ ಎಂಜಿನ್ನಿನ ವಂಶ ನಮ್ಮ ಹಿರಿಯರಿಗೂ ತೀರ ಅಪರಿಚಿತವೇನಲ್ಲ.

ಈಗ ಮುಖ್ಯವಾದ ತೊಡಕಿಗೆ ಬರೋಣ. ಎಂಜಿನ್ನಿನ ಗಾತ್ರವನ್ನು ನಿರ್ಧರಿಸುವುದು ಎರಡು ಅಳತೆಗಳು. ಸಿಲಿಂಡರಿನ ಒಳವ್ಯಾಸ ಒಂದು. ಇದನ್ನು ಬೋರ್ ಎನ್ನುತ್ತೇವೆ. ಪಿಸ್ಟನ್ ಮೇಲಿನಿಂದ ಕೆಳಕ್ಕೆ ಸಾಗುವ ದೂರ ಇನ್ನೊಂದು, ಇದು ಸ್ಟ್ರೋಕ್. 1962ರಲ್ಲಿ ಷೆವ್ರೊಲೆ ಹೊಸ ಪೀಳಿಗೆಯ ಆರು ಸಿಲಿಂಡರನ್ನು ಆರಂಭಿಸಿತು. ಅದರಲ್ಲಿ 194, 230, 250 ಮತ್ತು 292 ಘನ ಅಂಗುಲಗಳ ನಾಲ್ವರು ಸಹೋದರರು. ಕಿರಿಯವನಾದ 194ರ ಬೋರ್ 3.5625 ಅಂಗುಲ. ಉಳಿದ ಮೂವರದೂ 3.875 ಅಂಗುಲವೇ. ವ್ಯತ್ಯಾಸವಿರುವುದು ಸ್ಟ್ರೋಕಿನಲ್ಲಿ: 230ಕ್ಕೆ 3.25, 250ಕ್ಕೆ 3.53, 292ಕ್ಕೆ ಸುಮಾರು 4.12 ಅಂಗುಲ.

ಇದು ಷೆವ್ರೊಲೆಯ ಒಂದು ವಿಚಿತ್ರವೆಂದು ತಿಳಿಯಬಾರದು. ಫೋರ್ಡಿನ 240 ಮತ್ತು 300 ಎರಡಕ್ಕೂ ಬೋರ್ 4 ಅಂಗುಲ. ಸ್ಟ್ರೋಕ್ ಮಾತ್ರ 3.18 ಮತ್ತು 3.98. ಕ್ರೈಸ್ಲರಿನ ಓರೆಯಾಗಿ ಮಲಗಿದ ಸ್ಲ್ಯಾಂಟ್ ಸಿಕ್ಸ್ ಎಂಜಿನ್ನಿನಲ್ಲಿ 170, 198, 225 ಮೂರಕ್ಕೂ ಬೋರ್ 3.4 ಅಂಗುಲ. ಜೀಪುಗಳಲ್ಲಿ ಕಾಣುವ ಅಮೆರಿಕನ್ ಮೋಟರ್ಸಿನ 232 ಮತ್ತು 258 ಎರಡಕ್ಕೂ 3.75. ಇದರ ಹಿಂದೆ ಕಾರ್ಖಾನೆಯ ಲೆಕ್ಕಾಚಾರವಿದೆ. ಆರು ಸಿಲಿಂಡರುಗಳನ್ನು ಒಟ್ಟಿಗೆ ಕೊರೆಯುವ ಯಂತ್ರಗಳ ಸಾಲು ಬಹಳ ದುಬಾರಿಯಾದದ್ದು. ಒಮ್ಮೆ ಹೂಡಿದ ಮೇಲೆ ಅದನ್ನು ಕದಲಿಸಲು ಯಾರೂ ಇಷ್ಟಪಡುವುದಿಲ್ಲ. ಕ್ರ್ಯಾಂಕ್ ಶಾಫ್ಟನ್ನು ಬದಲಿಸಿ ಸ್ಟ್ರೋಕನ್ನು ಹಿಗ್ಗಿಸುವುದು ಸುಲಭ. ಅವರಿಗೆ ಸುಲಭವಾದದ್ದು ಐವತ್ತು ಅರವತ್ತು ವರ್ಷಗಳ ನಂತರ ನಮಗೆ ತೊಡಕಾಗಿದೆ. ಬೋರನ್ನು ಮಾತ್ರ ಅಳೆದು ತೃಪ್ತರಾದವರಿಗೆ 230 ಯಾವುದು, 250 ಯಾವುದು ಎಂದು ತಿಳಿಯುವುದಿಲ್ಲ.

ತಿಳಿಯದಿದ್ದರೆ ಏನಾಗುತ್ತದೆ? 230 ಮತ್ತು 250 ಎರಡರ ಬ್ಲಾಕಿನ ಎತ್ತರವೂ ಒಂದೇ. ಕನೆಕ್ಟಿಂಗ್ ರಾಡಿನ ಉದ್ದವೂ ಒಂದೇ, 5.7 ಅಂಗುಲ. ಸ್ಟ್ರೋಕಿನ ವ್ಯತ್ಯಾಸ 0.28 ಅಂಗುಲ. ಕ್ರ್ಯಾಂಕಿನ ತೋಳು ಇದರ ಅರ್ಧದಷ್ಟು, ಎಂದರೆ 0.14 ಅಂಗುಲ, ಹೆಚ್ಚು ಮೇಲಕ್ಕೆ ತಳ್ಳುತ್ತದೆ. ಇದನ್ನು ಸರಿದೂಗಿಸುವ ಹೊಣೆ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಆದಕಾರಣ 250ರ ಪಿಸ್ಟನ್ನಿನಲ್ಲಿ ಗಜನ್ ಪಿನ್ನಿನಿಂದ ನೆತ್ತಿಯವರೆಗಿನ ಎತ್ತರ 230ರದಕ್ಕಿಂತ ಅಷ್ಟು ಕಡಿಮೆ. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ದಪ್ಪ. ಸಿಲಿಂಡರಿನೊಳಕ್ಕೆ ಎರಡೂ ಸಲೀಸಾಗಿ ಇಳಿಯುತ್ತವೆ. 230ರ ಪಿಸ್ಟನ್ನನ್ನು 250ರಲ್ಲಿ ಕೂರಿಸಿದರೆ ಅದು ಬ್ಲಾಕಿನಿಂದ ಮೇಲೆದ್ದು ಹೆಡ್ಡಿಗೆ ಬಡಿಯುತ್ತದೆ. ಇದು ಕೈಯಿಂದ ತಿರುಗಿಸುವಾಗಲೇ ಗೊತ್ತಾಗುವ ತಪ್ಪು. ತಿರುವುಮುರುವಾಗಿ 250ರ ಪಿಸ್ಟನ್ನನ್ನು 230ರಲ್ಲಿ ಕೂರಿಸಿದರೆ ಏನೂ ಬಡಿಯುವುದಿಲ್ಲ, ಏನೂ ಮುರಿಯುವುದಿಲ್ಲ. ಎಂಜಿನ್ ಹೊತ್ತಿಕೊಳ್ಳುತ್ತದೆ ಕೂಡ. ಆದರೆ ಪಿಸ್ಟನ್ 0.14 ಅಂಗುಲ ಕೆಳಗೇ ನಿಂತುಬಿಡುವುದರಿಂದ ಪ್ರತಿ ಸಿಲಿಂಡರಿನ ನೆತ್ತಿಯಲ್ಲಿ ಸುಮಾರು 1.65 ಘನ ಅಂಗುಲ ಜಾಗ ಅಧಿಕವಾಗುತ್ತದೆ. ಕಾರ್ಖಾನೆಯವರು 8.5ಕ್ಕೆ ಇಟ್ಟಿದ್ದ ಸಂಪೀಡನದ ಪ್ರಮಾಣ ನಮ್ಮ ಲೆಕ್ಕದಲ್ಲಿ ಸುಮಾರು 6.7ಕ್ಕೆ ಕುಸಿಯುತ್ತದೆ. ಹೊಸದಾಗಿ ಕಟ್ಟಿದ ಎಂಜಿನ್ ಹಳೆಯದಕ್ಕಿಂತ ಸೋಮಾರಿಯಾಗಿ ಓಡುತ್ತದೆ. ಕಾರ್ಬ್ಯುರೇಟರ್, ಟೈಮಿಂಗ್, ವಾಲ್ವುಗಳನ್ನೆಲ್ಲ ಶಪಿಸುತ್ತ ತಿಂಗಳುಗಟ್ಟಲೆ ಕಳೆಯಬೇಕಾಗುತ್ತದೆ. ಸದ್ದಿಲ್ಲದ ತಪ್ಪುಗಳೇ ಹೆಚ್ಚು ಕಾಡುವುವು.

ಹಾಗಾದರೆ ಗುರುತಿಸುವುದು ಹೇಗೆ? ನಾವು ನಾಲ್ಕು ಸಾಕ್ಷಿಗಳನ್ನು ವಿಚಾರಿಸುತ್ತೇವೆ: ಕಾಗದ, ರೂಪ, ಲೋಹದ ಮೇಲಿನ ಬರಹ, ಕೊನೆಗೆ ಅಳತೆ.

ಕಾಗದ ಎಲ್ಲಕ್ಕಿಂತ ದುರ್ಬಲವಾದ ಸಾಕ್ಷಿ. ಭಾರತದ ಆರ್.ಸಿ. ಪುಸ್ತಕದಲ್ಲಿ ಷಾಸಿ ಸಂಖ್ಯೆಯ ಜೊತೆಗೆ ಎಂಜಿನ್ ಸಂಖ್ಯೆಯೂ ಇರುತ್ತದೆ. ಎಂಜಿನ್ ಬದಲಿಸಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಇಲ್ಲಿನ ಟೈಟಲ್ ಪತ್ರದಲ್ಲಿ ಸಾಮಾನ್ಯವಾಗಿ ವಾಹನದ ಗುರುತಿನ ಸಂಖ್ಯೆ, ಅಂದರೆ ವಿಐಎನ್, ಮಾತ್ರ ಇರುತ್ತದೆ. ಎಂಜಿನ್ ಎಷ್ಟು ಸಲ ಬದಲಾಗಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಇನ್ನೂ ಹಿಂದೆ, ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ, ಹಲವು ರಾಜ್ಯಗಳು ಎಂಜಿನ್ ಸಂಖ್ಯೆಯ ಮೇಲೆಯೇ ಟೈಟಲ್ ಕೊಡುತ್ತಿದ್ದವು. ಅಂಥ ಕಾರಿನಲ್ಲಿ ಎಂಜಿನ್ ಬದಲಾಗಿದ್ದರೆ ಕಾಗದಕ್ಕೂ ಕಾರಿಗೂ ಸಂಬಂಧವೇ ತಪ್ಪಿಹೋಗಿರುತ್ತದೆ.

ಆದರೂ ಸಂಖ್ಯೆಯನ್ನು ಓದಲು ಕಲಿಯುವುದು ಒಳ್ಳೆಯದು. ನಮ್ಮ ಕಾರು 1968ರ ಷೆವೆಲ್ ಮಾಲಿಬೂ. ಅದರ ಸಂಖ್ಯೆ 135378ಬಿ ಎಂದು ಆರಂಭವಾಗಿ, ಮುಂದೆ ಆರು ಅಂಕಿಗಳ ಕ್ರಮಸಂಖ್ಯೆ ಬರುತ್ತದೆ. ಮೊದಲ 1 ಷೆವ್ರೊಲೆ ವಿಭಾಗ. 35 ಮಾಲಿಬೂ ಶ್ರೇಣಿ. 37 ಎರಡು ಬಾಗಿಲಿನ ಮೈ. 8 ಎಂದರೆ 1968. ಬಿ ಎಂದರೆ ಬಾಲ್ಟಿಮೋರ್. ವಾಷಿಂಗ್ಟನ್ ಸುತ್ತಿನವರು ಬಾಲ್ಟಿಮೋರಿನ ಬ್ರೋನಿಂಗ್ ಹೈವೇಯನ್ನು ಬಲ್ಲರು. 1935ರಿಂದ 2005ರವರೆಗೆ ಅಲ್ಲಿ ಜನರಲ್ ಮೋಟರ್ಸಿನ ಜೋಡಣಾ ಕಾರ್ಖಾನೆ ಇತ್ತು. ಅದೇ ಜಾಗದಲ್ಲಿ ಎ ಅಕ್ಷರವಿದ್ದರೆ ಅದು ಅಟ್ಲಾಂಟ, ಎಂದರೆ ನಗರದ ದಕ್ಷಿಣದಲ್ಲಿ 1928ರಿಂದ 1990ರವರೆಗೆ ನಡೆದ ಲೇಕ್‌ವುಡ್ ಕಾರ್ಖಾನೆ. ಅಟ್ಲಾಂಟದ ಮಿತ್ರರಿಗೆ ಹೆಚ್ಚು ಪರಿಚಿತವಾದ ಡೋರವಿಲ್ ಕಾರ್ಖಾನೆ 1947ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿತು. ಆ ನೆಲದಲ್ಲಿ ಈಗ ಚಲನಚಿತ್ರ ಸ್ಟುಡಿಯೋ ಎದ್ದಿದೆ. ಕಾರು ಎಲ್ಲಿ ಹುಟ್ಟಿತೆಂದು ಸಂಖ್ಯೆ ಹೀಗೆ ಸ್ಪಷ್ಟವಾಗಿ ಹೇಳುತ್ತದೆ. ಎಂಜಿನ್ನಿನ ವಿಷಯದಲ್ಲಿ ಮಾತ್ರ ಅರ್ಧ ಮಾತು. ಆ ವರ್ಷಗಳಲ್ಲಿ ಶ್ರೇಣಿಯ ಅಂಕಿ ಬೆಸವಾದರೆ ಆರು ಸಿಲಿಂಡರ್, ಸಮವಾದರೆ ಎಂಟು. 35 ಎಂದರೆ ಆರು, 36 ಎಂದರೆ ಎಂಟು. 230 ಎಂಬುದೋ 250 ಎಂಬುದೋ ಅದರಲ್ಲಿ ಇಲ್ಲವೇ ಇಲ್ಲ. 1968ರ ಷೆವೆಲ್ಲಿಗೆ ಎರಡೂ ದೊರೆಯುತ್ತಿದ್ದವು: 140 ಅಶ್ವಶಕ್ತಿಯ 230, 155 ಅಶ್ವಶಕ್ತಿಯ 250. ಎಂಜಿನ್ನಿಗೆಂದೇ ಒಂದು ಅಕ್ಷರವನ್ನು ಷೆವ್ರೊಲೆ ಈ ಸಂಖ್ಯೆಯಲ್ಲಿ ಸೇರಿಸಿದ್ದು 1972ರಿಂದ.

ಕೆರೊಲಿನಾದ ಮಿತ್ರರಿಗೆ ಈ ಸಾಕ್ಷಿಯೂ ಎಷ್ಟೋ ಸಲ ಸಿಗುವುದಿಲ್ಲ. ಷಾರ್ಲಟ್ ಸುತ್ತ ಹಳೆಯ ಕಾರುಗಳ ಜಾತ್ರೆಗಳಲ್ಲಿ, ಅಥವಾ 1955ರಿಂದ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಶರತ್ಕಾಲದಲ್ಲಿ ಸೇರುತ್ತ ಬಂದಿರುವ ದೊಡ್ಡ ಸಂತೆಯಲ್ಲಿ, ಕಾರಿಲ್ಲದ ಬಿಡಿ ಎಂಜಿನ್ನುಗಳು ಮರದ ಹಲಗೆಗಳ ಮೇಲೆ ಕೂತಿರುತ್ತವೆ. ಶಿವಾಜಿನಗರದ ಗುಜರಿಯನ್ನು ಕಂಡವರಿಗೆ ಆ ದೃಶ್ಯ ಹೊಸದಲ್ಲ. ಅಲ್ಲಿ ಕಾಗದವೂ ಇಲ್ಲ, ಕಾರೂ ಇಲ್ಲ; ಮಾರುವವರ ಮಾತು ಮಾತ್ರ.

ಎರಡನೆಯ ಸಾಕ್ಷಿ ರೂಪ. ಇದು ಪೀಳಿಗೆಯನ್ನು ಬೇರ್ಪಡಿಸುತ್ತದೆ, ಸಹೋದರರನ್ನು ಬೇರ್ಪಡಿಸುವುದಿಲ್ಲ. 1953ಕ್ಕಿಂತ ಹಿಂದಿನ ಷೆವ್ರೊಲೆ 216ರ ವಾಲ್ವ್ ಮುಚ್ಚಳ ನೆತ್ತಿಯಲ್ಲಿ ಎರಡು ನಟ್ಟುಗಳಿಂದ ಬಿಗಿದಿರುತ್ತದೆ. 1954ರ ನಂತರದ 235ರಲ್ಲಿ ಕೆಳಗಿನ ಅಂಚಿನಲ್ಲಿ ನಾಲ್ಕು ಸ್ಕ್ರೂಗಳಿರುತ್ತವೆ. ಈ ಚಿಕ್ಕ ಗುರುತಿನ ಹಿಂದೆ ದೊಡ್ಡ ವ್ಯತ್ಯಾಸವಿದೆ. 216ರ ರಾಡುಗಳಲ್ಲಿ ಬ್ಯಾಬಿಟ್ ಲೋಹವನ್ನು ಕರಗಿಸಿ ಸುರಿದ ಬೇರಿಂಗುಗಳು. ಎಣ್ಣೆ ಅವುಗಳಿಗೆ ಬಹುಮಟ್ಟಿಗೆ ಚಿಮ್ಮುವಿಕೆಯಿಂದ ತಲುಪುತ್ತದೆ. ಬದಲಿಸಬಹುದಾದ ಬೇರಿಂಗ್ ಷೆಲ್ಲುಗಳೂ ಪಂಪಿನ ಒತ್ತಡದಿಂದ ಎಲ್ಲ ಕಡೆ ಹರಿಯುವ ಎಣ್ಣೆಯೂ 1953ರಲ್ಲಿ ಪವರ್‌ಗ್ಲೈಡ್ ಕಾರುಗಳಿಗೆ, 1954ರಿಂದ ಎಲ್ಲ ಕಾರುಗಳಿಗೆ ಬಂದವು. ಬ್ಯಾಬಿಟ್ ಸುರಿಯಬಲ್ಲ ಕುಶಲಿಗಳು ಇಂದು ವಿರಳ; ಆದಕಾರಣ ಮುಚ್ಚಳದ ನಟ್ಟುಗಳನ್ನು ಎಣಿಸದೆ ಹಣ ಕೊಡಬಾರದು.

235ಕ್ಕೂ ಲಾರಿಗಳಿಗೆಂದು ಮಾಡಿದ 261ಕ್ಕೂ ಹೊರಗಿನಿಂದ ವ್ಯತ್ಯಾಸ ಹೇಳುವುದು ಕಷ್ಟ. ಇಲ್ಲಿ ನಾವು ಹೇಳಿದ ನಿಯಮ ತಿರುವುಮುರುವು: ಸ್ಟ್ರೋಕ್ ಎರಡಕ್ಕೂ 3.9375 ಅಂಗುಲ, ಬೋರ್ 3.5625 ಮತ್ತು 3.75. ಹೆಡ್ ತೆಗೆದಾಗ 261ರಲ್ಲಿ ಸಿಲಿಂಡರುಗಳ ನಡುವೆ ಹಬೆ ಹೋಗಲು ಕೊರೆದ ಸಣ್ಣ ರಂಧ್ರಗಳು ಕಾಣುತ್ತವೆ. 261 ಎಂದು ನಂಬಿ 235ರ ಬ್ಲಾಕನ್ನು 3.75ಕ್ಕೆ ಕೊರೆಯಲು ಹೊರಟವರು ಗೋಡೆ ದಾಟಿ ನೀರಿನ ಕೋಣೆಗೇ ಇಳಿಯುವ ಅಪಾಯವಿದೆ.

1962ರ ನಂತರದ ಪೀಳಿಗೆಯಲ್ಲಿ 292 ಒಂದನ್ನು ಕಣ್ಣಳತೆಯಿಂದಲೇ ಹೇಳಬಹುದು. ಅದರ ಬ್ಲಾಕ್ ಉಳಿದವುಗಳಿಗಿಂತ ಸುಮಾರು ಒಂದೂಮುಕ್ಕಾಲು ಅಂಗುಲ ಎತ್ತರ. ಇಂಟೇಕ್ ಮ್ಯಾನಿಫೋಲ್ಡ್ ಹೆಡ್ಡಿನ ಜೊತೆಗೇ ಒಂದಾಗಿ ಎರಕವಾಗಿದ್ದರೆ ಅದು 1975ರಿಂದ ಈಚಿನ 250ರ ಹೆಡ್. ಫೋರ್ಡಿನ ಚಿಕ್ಕ ಆರರಲ್ಲಿ, ಎಂದರೆ 144, 170, 200 ಮತ್ತು ಅವರ 250ರಲ್ಲಿ, ಇಂಥ ರಚನೆ ಮೊದಲಿನಿಂದಲೂ ಇದೆ. ಫೋರ್ಡಿಗೂ ಒಂದು 250 ಇದೆಯೆಂಬುದನ್ನು ಮರೆಯಬಾರದು. ಅಂಗಡಿಗೆ ಕರೆಮಾಡಿ '250' ಎಂದಷ್ಟೇ ಹೇಳಿದರೆ ಯಾವ ಕಂಪನಿಯದು ಎಂದು ಅವರು ಕೇಳಿಯೇ ಕೇಳುತ್ತಾರೆ. ಸ್ಪಾರ್ಕ್ ಪ್ಲಗ್ಗುಗಳು ಹೊತ್ತಿಕೊಳ್ಳುವ ಕ್ರಮದಿಂದಲೂ ಪ್ರಯೋಜನವಿಲ್ಲ. 1-5-3-6-2-4 ಎಂಬ ಈ ಕ್ರಮ ಮೇಲೆ ಹೇಳಿದ ಎಲ್ಲ ಮನೆತನಗಳಿಗೂ ಒಂದೇ.

ಮೂರನೆಯದು ಲೋಹದ ಮೇಲಿನ ಬರಹ. ನಮಗೆ ಅತ್ಯಂತ ಪ್ರಿಯವಾದ ಭಾಗವಿದು. ಬಿ. ಎಲ್. ರೈಸ್ ಅವರು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ಹೊರತಂದ ನಾಡಿನವರಾದ ನಮಗೆ ಶಾಸನ ಓದುವ ಕ್ರಮ ಹೊಸದಾಗಿರಬಾರದು. ಎಂಜಿನ್ನಿನ ಮೇಲೆ ಎರಡು ಬಗೆಯ ಬರಹಗಳಿರುತ್ತವೆ. ಮರಳಿನ ಅಚ್ಚಿನಲ್ಲಿ ಕಬ್ಬಿಣ ಸುರಿದಾಗಲೇ ಮೂಡಿದ ಉಬ್ಬು ಅಕ್ಷರಗಳು ಒಂದು ಬಗೆ. ಎಂಜಿನ್ನನ್ನು ಜೋಡಿಸಿದ ದಿನ ಉಳಿಯಿಂದ ಹೊಡೆದ ತಗ್ಗು ಅಕ್ಷರಗಳು ಇನ್ನೊಂದು ಬಗೆ. ಉಬ್ಬು ಅಕ್ಷರ ಬ್ಲಾಕಿನ ಹುಟ್ಟನ್ನು ಹೇಳುತ್ತದೆ, ತಗ್ಗು ಅಕ್ಷರ ಎಂಜಿನ್ನಿನ ಹುಟ್ಟನ್ನು.

ಈ ಪೀಳಿಗೆಯ ಷೆವ್ರೊಲೆಯಲ್ಲಿ ಎರಡನ್ನೂ ಬ್ಲಾಕಿನ ಬಲಮಗ್ಗುಲಲ್ಲಿ ಹುಡುಕಬೇಕು. ಬಲವೆಂದರೆ ಚಾಲಕನ ಆಸನದಲ್ಲಿ ಮುಂದೆ ನೋಡುತ್ತ ಕೂತವರ ಬಲ; ರೇಡಿಯೇಟರಿನ ಎದುರು ನಿಂತು ನೋಡುವವರ ಬಲವಲ್ಲ. ಡಿಸ್ಟ್ರಿಬ್ಯೂಟರಿನ ಹಿಂದೆ ಒಂದು ನಯವಾದ ಚಿಕ್ಕ ಪಟ್ಟಿಯ ಮೇಲೆ ತಗ್ಗು ಅಕ್ಷರಗಳಿರುತ್ತವೆ. ಅರ್ಧ ಶತಮಾನದ ಎಣ್ಣೆ ಮತ್ತು ಧೂಳು ಅದರ ಮೇಲೆ ಕೂತಿರುವುದರಿಂದ ಸಹನೆ ಬೇಕು. ದ್ರಾವಕದಲ್ಲಿ ನೆನೆಸಿದ ಬಟ್ಟೆ, ಹಿತ್ತಾಳೆಯ ಬ್ರಷ್ ಇಷ್ಟೇ ಸಾಕು. ಗ್ರೈಂಡರ್ ಅಥವಾ ಒರಟು ಮರಳುಕಾಗದವನ್ನು ಹತ್ತಿರ ತರಕೂಡದು. ಅಕ್ಷರದ ಆಳ ಬಹಳ ಕಡಿಮೆ, ಒಂದು ಕ್ಷಣದಲ್ಲಿ ಶಾಸನ ಅಳಿಸಿಹೋಗುತ್ತದೆ. ಉಬ್ಬು ಅಕ್ಷರಗಳ ಮೇಲೆ ಬಿಳಿ ಸೀಮೆಸುಣ್ಣವನ್ನು ಅಡ್ಡವಾಗಿ ತೀಡಿದರೆ ಅವು ಎದ್ದು ಕಾಣುತ್ತವೆ. ತಗ್ಗು ಅಕ್ಷರಗಳ ಮೇಲೆ ತೆಳುಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಪಡಿಯಚ್ಚು ತೆಗೆಯಬೇಕು. ನಮ್ಮ ಮನೆಯಲ್ಲಿ ಈ ಕೆಲಸವನ್ನು ಮಗನಿಗೆ ಒಪ್ಪಿಸಿದೆವು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬಡಿದು ಮಸಿ ಹಚ್ಚುವುದನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ನಮಗೆ ಸಿಕ್ಕಿರಲಿಲ್ಲ.

ಅವನು ತೆಗೆದ ಪಡಿಯಚ್ಚಿನಲ್ಲಿ ಮೊದಲಿಗೆ ಎಫ್ 0503 ಎಂದು ಮೂಡಿತು. ಎಫ್ ಎಂದರೆ ಮಿಷಿಗನ್ನಿನ ಫ್ಲಿಂಟ್. ಟಿ ಇದ್ದಿದ್ದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡ. ಬಾಲ್ಟಿಮೋರಿನಲ್ಲಾಗಲಿ ಲೇಕ್‌ವುಡ್ಡಿನಲ್ಲಾಗಲಿ ಇವನ್ನು ತಯಾರಿಸುತ್ತಿರಲಿಲ್ಲ, ಬಂದದ್ದನ್ನು ಕೂರಿಸುತ್ತಿದ್ದರು. 0503 ಎಂದರೆ ಐದನೆಯ ತಿಂಗಳ ಮೂರನೆಯ ದಿನ. ಅದರ ಹಿಂದೆ ಬರುವ ಅಕ್ಷರಗಳು ಯಾವ ಬಗೆಯ ಕಾರಿಗೆ, ಯಾವ ಗೇರ್‌ಬಾಕ್ಸಿಗೆ ಎಂಬುದನ್ನು ಹೇಳುವ ಸಂಕೇತ. 1970ಕ್ಕೆ ಮುಂಚೆ ಎರಡು ಅಕ್ಷರ, ಅಲ್ಲಿಂದೀಚೆಗೆ ಮೂರು. ನಮ್ಮದರಲ್ಲಿ ಆ ಎರಡು ಅಕ್ಷರಗಳನ್ನೇ ತುಕ್ಕು ತಿಂದಿತ್ತು. ಶಾಸನಗಳಲ್ಲಿ ಬೇಕಾದ ಸಾಲೇ ಏಕೆ ತ್ರುಟಿತವಾಗಿರುತ್ತದೆಂದು ಇತಿಹಾಸಕಾರರನ್ನು ಕೇಳಬೇಕು.

ಗಮನಿಸಿ, ತಗ್ಗು ಬರಹದಲ್ಲಿ ದಿನವಿದೆ, ತಿಂಗಳಿದೆ, ವರ್ಷವಿಲ್ಲ. ಅದಕ್ಕಾಗಿ ಉಬ್ಬು ಬರಹದಲ್ಲಿರುವ ಎರಕದ ದಿನಾಂಕವನ್ನು ನೋಡಬೇಕು. ಅಲ್ಲಿ ತಿಂಗಳಿಗೆ ಎ ಇಂದ ಎಲ್‌ವರೆಗಿನ ಅಕ್ಷರ, ಆಮೇಲೆ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ನಮ್ಮ ಬ್ಲಾಕಿನ ಮೇಲಿದ್ದದ್ದು ಡಿ 26 6, ಎಂದರೆ ಏಪ್ರಿಲ್ 26, ಆರರಲ್ಲಿ ಕೊನೆಗೊಳ್ಳುವ ಒಂದು ವರ್ಷ. 1966ಓ 1976ಓ? ಹಲ್ಮಿಡಿ ಶಾಸನದಲ್ಲಿ ಕಾಲ ನಮೂದಾಗಿಲ್ಲ. ಲಿಪಿಯ ರೂಪ ಮತ್ತು ಅದರಲ್ಲಿ ಬರುವ ಹೆಸರುಗಳಿಂದ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 450ಕ್ಕೆ ಸೇರಿಸುತ್ತಾರೆ. ನಾವೂ ಅದೇ ದಾರಿಯನ್ನು ಹಿಡಿದೆವು. ತಗ್ಗು ಬರಹದ ಬಾಲದಲ್ಲಿ ಎರಡು ಅಕ್ಷರಗಳಿಗೆ ಮಾತ್ರ ಜಾಗವಿತ್ತು. ಆದ್ದರಿಂದ 1970ಕ್ಕೆ ಮುಂಚಿನದು, 1966ರದು. ಏಪ್ರಿಲ್ 26ಕ್ಕೆ ಎರಕ, ಮೇ 3ಕ್ಕೆ ಜೋಡಣೆ, ಒಂದು ವಾರದ ಅಂತರ. ಎರಡು ಬರಹಗಳೂ ಒಂದಕ್ಕೊಂದು ಒಪ್ಪುತ್ತವೆ. ಒಪ್ಪದೆ ಇದ್ದದ್ದು ಕಾರು. 1968ರ ಮಾದರಿಗೆ ಸೇರಬೇಕಾದ ಎಂಜಿನ್ ಕಾರಿಗಿಂತ ಕೆಲವು ದಿನಗಳೋ ಕೆಲವು ವಾರಗಳೋ ಮುಂಚೆ ಹುಟ್ಟಿರಬೇಕು. ಎರಡು ವರ್ಷ ಮುಂಚೆ ಹುಟ್ಟಿರಲು ಸಾಧ್ಯವಿಲ್ಲ. ಇದು ಬೇರೊಂದು ಕಾರಿನಿಂದ ಬಂದು ಸೇರಿದ ದತ್ತುಪುತ್ರ.

ಸುಳ್ಳು ತಾಮ್ರಪಟಗಳನ್ನು ಇತಿಹಾಸಕಾರರು ಕೂಟಶಾಸನಗಳೆನ್ನುತ್ತಾರೆ. (ನಮ್ಮ ಕನ್ನಡ ಕೂಟಕ್ಕೂ ಆ ಕೂಟಕ್ಕೂ ಸಂಬಂಧವಿಲ್ಲ.) ಗಂಗರ ತಾಮ್ರಪಟಗಳಲ್ಲಿ ಯಾವುವು ನಿಜ, ಯಾವುವು ಕೂಟ ಎಂದು ಫ್ಲೀಟ್ ಮತ್ತು ರೈಸ್ ಬಹಳ ಕಾಲ ವಾದಿಸಿದರು. ಎಂಜಿನ್ನಿನ ಲೋಕದಲ್ಲಿಯೂ ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಹೊಡೆಯುವವರಿದ್ದಾರೆ. ಆದರೆ ಅವರ ಗಮನವೆಲ್ಲ ಬೆಲೆಬಾಳುವ ಎಂಟು ಸಿಲಿಂಡರುಗಳ ಕಡೆ. ಬಡ ಆರರ ಮೇಲೆ ಕೂಟಶಾಸನ ಬರೆಸುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಸಮಸ್ಯೆ ಮೋಸದ್ದಲ್ಲ, ಅದಲುಬದಲಿನದು. ಎಂಜಿನ್ ಕೆಟ್ಟಾಗ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಿ ಕಚೇರಿಗೆ ಹೊರಟವರು ಯಾವ ಅಪರಾಧವನ್ನೂ ಮಾಡಲಿಲ್ಲ, ಬರೆದಿಡಲಿಲ್ಲ ಅಷ್ಟೆ.

ನಮಗೆ ಕಾರು ಮಾರಿದವರೂ ಸಜ್ಜನರೇ. 250 ಎಂದೇ ಅವರು ನಂಬಿದ್ದರು. ಏರ್ ಕ್ಲೀನರಿನ ಮೇಲೆ 'ಟರ್ಬೊ-ಥ್ರಿಫ್ಟ್ 250' ಎಂಬ ಚೀಟಿಯೂ ಇತ್ತು. (ಈ ಹೆಸರಿನಲ್ಲಿ ಟರ್ಬೊ ಇದ್ದರೂ ಎಂಜಿನ್ನಿನಲ್ಲಿ ಟರ್ಬೊ ಇಲ್ಲ.) ಒಂದು ರೆಕ್ಕೆನಟ್ಟನ್ನು ಬಿಚ್ಚಿದರೆ ಕೈಗೆ ಬರುವ ತಗಡಿನ ಬುಟ್ಟಿಯ ಮೇಲಿನ ಚೀಟಿಯನ್ನು ನಂಬಿ ನಾವು 250ರ ಪಿಸ್ಟನ್ನುಗಳನ್ನು ತರಿಸಿದ್ದೆವು. ಪಡಿಯಚ್ಚು ತೆಗೆದದ್ದು ಪೆಟ್ಟಿಗೆ ಮನೆಗೆ ಬಂದ ನಂತರ.

ಎರಕದ ಸಂಖ್ಯೆಯೊಂದನ್ನು ಪಟ್ಟಿಯಲ್ಲಿ ಹುಡುಕಿದರೆ ಉತ್ತರ ಸಿಗುತ್ತದಲ್ಲವೇ ಎಂದು ಕೇಳಬಹುದು. ಪೀಳಿಗೆ ಸಿಗುತ್ತದೆ, ಕಾಲ ಸಿಗುತ್ತದೆ. ಆದರೆ ಕೆಲವು ಬ್ಲಾಕುಗಳನ್ನು ಒಂದೇ ಸಂಖ್ಯೆಯಡಿ ಎರಕ ಹೊಯ್ದು 230ಕ್ಕೂ 250ಕ್ಕೂ ಬಳಸಿದ್ದರು. ಅದಲ್ಲದೆ ಎರಡರ ಮುಖ್ಯ ಜರ್ನಲ್ಲುಗಳೂ ಒಂದೇ ಅಳತೆಯವಾದ್ದರಿಂದ, 230ರ ಬ್ಲಾಕಿನಲ್ಲಿ 250ರ ಕ್ರ್ಯಾಂಕನ್ನು ಕೂರಿಸಿದ ಮೇಸ್ತ್ರಿಗಳು ಈ ದೇಶದ ಉದ್ದಗಲಕ್ಕೂ ಇದ್ದಾರೆ. ಅಂಥ ಎಂಜಿನ್ನಿನ ಶಾಸನ 230 ಎಂದೇ ಹೇಳುತ್ತದೆ, ಸುಳ್ಳನ್ನೂ ಹೇಳುವುದಿಲ್ಲ. ಆದರೂ ಅದು 250. ಆದಕಾರಣ ನಾಲ್ಕನೆಯ ಸಾಕ್ಷಿಯಾದ ಅಳತೆ ಬಾಯಿಬಿಡುವವರೆಗೆ ಬಿಡಿಭಾಗಗಳಿಗೆ ಒಂದು ಡಾಲರನ್ನೂ ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ಉಳಿದ ಮೂವರೂ ಒಮ್ಮತದಿಂದ ನುಡಿದರೂ ಸರಿಯೇ.

ಅಳೆಯುವ ಕ್ರಮ ಕಷ್ಟದ್ದಲ್ಲ. ಹೆಡ್ಡನ್ನು ಇಳಿಸಿ, ಒಂದು ಸಿಲಿಂಡರನ್ನು ಆರಿಸಿಕೊಂಡು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ತುತ್ತತುದಿಗೆ ತರಬೇಕು. ಬ್ಲಾಕಿನ ಮೇಲ್ಮೈಯ ಮೇಲೆ ಒಂದು ನೇರವಾದ ಪಟ್ಟಿಯನ್ನು ಅಡ್ಡವಿಟ್ಟು ಅಲ್ಲಿಂದ ಪಿಸ್ಟನ್ನಿನ ಮೇಲ್ಮೈಯ ಒಂದು ಗುರುತಿಗೆ ಎಷ್ಟು ಆಳವೆಂದು ನೋಡಬೇಕು. ಆಮೇಲೆ ಪಿಸ್ಟನ್ನನ್ನು ತಳಕ್ಕೆ ಇಳಿಸಿ ಅದೇ ಗುರುತಿಗೆ ಮತ್ತೆ ಅಳೆಯಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ಸ್ಟ್ರೋಕ್. ಡೆಪ್ತ್ ಗೇಜ್ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಮಕ್ಕಳ ಶಾಲೆಯ ಅಳತೆಪಟ್ಟಿಯೂ ಈ ಪ್ರಶ್ನೆಗೆ ಸಾಕು. 3.25 ಎಂದರೆ 82.5 ಮಿಲಿಮೀಟರ್, 3.53 ಎಂದರೆ 89.7. ಏಳು ಮಿಲಿಮೀಟರಿನ ಅಂತರ ಕನ್ನಡಕವಿಲ್ಲದೆಯೂ ಕಾಣುತ್ತದೆ. ಎರಡು ಮೂರು ಸಿಲಿಂಡರುಗಳಲ್ಲಿ ಅಳೆದು ಒಂದೇ ಉತ್ತರ ಬಂದರೆ ಸಂಶಯಕ್ಕೆ ಎಡೆಯಿಲ್ಲ.

ಬೋರಿನ ವಿಷಯದಲ್ಲಿ ಮಾತ್ರ ಶಾಲೆಯ ಪಟ್ಟಿ ನಡೆಯದು. ಅಲ್ಲಿ ಅಂಗುಲದ ಸಾವಿರದ ಒಂದು ಭಾಗದ ಲೆಕ್ಕ. ಹಿಂದೆ ಯಾರಾದರೂ ರೀಬೋರ್ ಮಾಡಿಸಿದ್ದರೆ ಹಳೆಯ ಪಿಸ್ಟನ್ನಿನ ನೆತ್ತಿಯ ಮೇಲಿನ ಕರಿಯನ್ನು ತೆಗೆದಾಗ 030 ಅಥವಾ 060 ಎಂಬ ಅಂಕಿ ಕಾಣಬಹುದು. ಬೇರಿಂಗ್ ಷೆಲ್ಲುಗಳ ಬೆನ್ನಿನ ಮೇಲೂ 010, 020 ಎಂದು ಇರುತ್ತದೆ. ಅದು ಜರ್ನಲ್ಲನ್ನು ಎಷ್ಟು ಅರೆದಿದ್ದಾರೆಂಬುದರ ದಾಖಲೆ. ಒಮ್ಮೆ 060 ಆದ ಬ್ಲಾಕಿನಲ್ಲಿ ಮತ್ತೆ ಕೊರೆಯಲು ಲೋಹ ಉಳಿದಿದೆಯೇ ಎಂಬುದನ್ನು ಲೇತಿನವರಲ್ಲಿ ಮೊದಲೇ ವಿಚಾರಿಸಬೇಕು. ಬ್ಲಾಕಿನಲ್ಲಿ ಬಿರುಕಿದೆಯೇ ಎಂಬ ಪರೀಕ್ಷೆಯೂ ಇದೇ ಹಂತದ್ದು. ಇಂಥ ಕೆಲಸಕ್ಕೆ ಕೆರೊಲಿನಾದವರು ನಮಗಿಂತ ಭಾಗ್ಯವಂತರು. ಮೂರ್ಸ್‌ವಿಲ್ ಮತ್ತು ಕಾನ್ಕರ್ಡ್ ಸುತ್ತ ರೇಸಿನ ಕಾರುಗಳನ್ನು ಕಟ್ಟುವವರು ನೆಲೆಸಿರುವುದರಿಂದ ನುರಿತ ಕೈಗಳಿಗೆ ಅಲ್ಲಿ ಕೊರತೆಯಿಲ್ಲ.

ನಮ್ಮ ಗರಾಜಿನಲ್ಲಿ ಅಳೆದಾಗ ಬಂದ ಸ್ಟ್ರೋಕ್ 3.25. ಮಗ ಮೂರು ಸಿಲಿಂಡರುಗಳಲ್ಲಿ ಅಳೆದ. ನಾವು ನಂಬದೆ ನಾಲ್ಕನೆಯದರಲ್ಲಿ ಅಳೆದೆವು. ಅದೂ 3.25. ಪೆಟ್ಟಿಗೆಯನ್ನು ಮರಳಿಸಲು ಸಾಗಣೆಯ ವೆಚ್ಚವನ್ನೂ ಒಂದಷ್ಟು ಕಡಿತವನ್ನೂ ಭರಿಸಬೇಕಾಯಿತು. ಬೋರ್ ಮಾಡುವ ಮೇಸ್ತ್ರಿ, ಪಿಸ್ಟನ್ನುಗಳು ತಮ್ಮ ಕೈಗೆ ಬರುವವರೆಗೆ ಬ್ಲಾಕನ್ನು ಮುಟ್ಟುವುದಿಲ್ಲವೆಂದು ಮೊದಲೇ ಹೇಳಿದ್ದರು. ಪ್ರತಿಯೊಂದು ಪಿಸ್ಟನ್ನನ್ನೂ ಅಳೆದು ಅದಕ್ಕೆ ತಕ್ಕಂತೆ ಅದರ ಸಿಲಿಂಡರನ್ನು ಕೊರೆಯುವುದು ಅವರ ಪದ್ಧತಿ. ಈ ವಿಳಂಬದಿಂದ ನಮಗೆ ಮೊದಲು ಬೇಸರವಾಗಿತ್ತು. ಆ ವಿಳಂಬದಲ್ಲಿಯೇ ನಮಗೆ ಅಳೆಯಲು ಸಮಯ ಸಿಕ್ಕಿತು. 230ರ ಪಿಸ್ಟನ್ನುಗಳು, 030 ಓವರ್‌ಸೈಜಿನವು, ಬಂದ ಮೇಲೆ ಕೆಲಸ ಮುಂದುವರಿಯಿತು.

ಎಂಜಿನ್ನನ್ನು ಮುಚ್ಚುವ ದಿನ ಮಗ ಒಂದು ಅಲ್ಯುಮಿನಿಯಮ್ ತಗಡಿನ ತುಂಡನ್ನು ತಂದು ಉಳಿಯಿಂದ ಅಂಕಿಗಳನ್ನು ಹೊಡೆದ. ಸ್ಟ್ರೋಕ್ 3.25, ಬೋರ್ 030, ರಾಡ್ ಬೇರಿಂಗ್ 010, ಬ್ಲಾಕ್ 1966, ಕಾರು 1968. ಅದನ್ನು ಡಿಸ್ಟ್ರಿಬ್ಯೂಟರಿನ ಹಿಂದಿನ ಪಟ್ಟಿಯ ಪಕ್ಕದಲ್ಲಿ ತಂತಿಯಿಂದ ಬಿಗಿದಿದ್ದೇವೆ.